ದರ್ಜಿಯ ಮಗಳು, ಮರಳುಗಾಡಿನ ಮೋಹಿನಿ

1915ರ ಜನವರಿ ತಿಂಗಳು. ಷಿಕಾಗೊದಲ್ಲಿ ಕೊರೆಯುವ ಚಳಿ. ಅಲ್ಲಿನ ಹೋಟೆಲೊಂದರ ಕೋಣೆಗೆ ಪತ್ರಿಕೆಯವರನ್ನು ಕರೆಸಿದ್ದರು. ಒಳಗೆ ಕಾಲಿಟ್ಟವರಿಗೆ ಉಸಿರು ಕಟ್ಟುವಷ್ಟು ಸೆಕೆ. ಕಿಟಕಿಗಳಿಗೆಲ್ಲ ದಪ್ಪ ಪರದೆ, ಸುತ್ತ ಹೂವಿನ ರಾಶಿ, ಧೂಪದ ವಾಸನೆ. ನಡುವೆ ಮಕಮಲ್ಲು, ತುಪ್ಪಳದ ಉಡುಪಿನಲ್ಲಿ, ಕಣ್ಣಿಗೆ ದಟ್ಟವಾಗಿ ಕಾಡಿಗೆ ತೀಡಿಕೊಂಡ ಒಬ್ಬ ಹೆಂಗಸು. ಈಕೆಯ ಹೆಸರು ಥೀಡಾ ಬಾರಾ, ಸಹಾರಾ ಮರುಭೂಮಿಯಲ್ಲಿ ಹುಟ್ಟಿದವಳು, ತಂದೆ ಇಟಲಿಯ ಕಲಾವಿದ, ತಾಯಿ ಫ್ರಾನ್ಸಿನ ನಟಿ, ಬಿಸಿಲುನಾಡಿನ ಮೈಯಾದ್ದರಿಂದ ಅಮೆರಿಕದ ಚಳಿ ತಡೆಯದು ಎಂದು ಪ್ರಚಾರದವರು ಒಂದೊಂದೇ ವಿವರ ಹೇಳುತ್ತ ಹೋದರು. ಬಂದವರು ಬರೆದುಕೊಂಡು ಹೊರಟರು. ಬಾಗಿಲು ಮುಚ್ಚಿದ್ದೇ ತಡ, ಆ ಹೆಂಗಸು ಪರದೆ ಕಿತ್ತೆಸೆದು ಕಿಟಕಿ ತೆರೆದು ಗಾಳಿಗಾಗಿ ಏದುಸಿರು ಬಿಟ್ಟಳು ಎಂಬ ಕಥೆ ಅಂದಿನಿಂದ ಇಂದಿನವರೆಗೂ ಸಿನಿಮಾ ಚರಿತ್ರೆಯ ಪುಸ್ತಕಗಳಲ್ಲಿ ಉಳಿದುಬಂದಿದೆ.

ಆಕೆಗೆ ಮನೆಯವರು ಇಟ್ಟ ಹೆಸರು ಥಿಯೊಡೋಸಿಯಾ ಗುಡ್‌ಮನ್. ಹುಟ್ಟಿದ್ದು 1885ರಲ್ಲಿ, ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ. ತಂದೆ ಪೋಲೆಂಡಿನಿಂದ ವಲಸೆ ಬಂದ ಯಹೂದಿ ದರ್ಜಿ. ಊರಿನ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ, ನಾಟಕದ ಹಂಬಲದಿಂದ ನ್ಯೂಯಾರ್ಕಿಗೆ ಹೋಗಿ, ಚಿಕ್ಕಪುಟ್ಟ ಪಾತ್ರಗಳಲ್ಲಿ ವರ್ಷಗಳನ್ನು ಕಳೆದಿದ್ದರು. ವಯಸ್ಸು ಮೂವತ್ತರ ಹತ್ತಿರ ಬಂದಿತ್ತು. ಆ ಕಾಲದ ರಂಗಭೂಮಿಯ ಲೆಕ್ಕದಲ್ಲಿ ಇನ್ನು ನಾಯಕಿಯಾಗುವ ವಯಸ್ಸಲ್ಲ. ಫ್ರಾಂಕ್ ಪೊವೆಲ್ ಎಂಬ ನಿರ್ದೇಶಕ ತನ್ನ ಹೊಸ ಚಿತ್ರಕ್ಕೆ ಕರೆದಾಗ ಆಕೆಗೆ ಸಿಕ್ಕಿದ್ದು ಒಂದು ಪಾತ್ರ. ಜೊತೆಗೆ ಒಂದು ಇಡೀ ಸುಳ್ಳು ಬದುಕೂ ಸಿಕ್ಕಿತು.

ಚಿತ್ರದ ಹೆಸರು ‘ಎ ಫೂಲ್ ದೇರ್ ವಾಸ್’. ಕಥೆ ನೇರವಾದದ್ದು. ಹೆಂಡತಿ, ಮುದ್ದಿನ ಮಗಳು ಇರುವ ಒಬ್ಬ ದೊಡ್ಡ ವಕೀಲ, ಸರ್ಕಾರದ ಕೆಲಸದ ಮೇಲೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಡುತ್ತಾನೆ. ಅದೇ ಹಡಗಿನಲ್ಲಿ ಒಬ್ಬಳು ಹೆಂಗಸು. ಅವಳಿಗೆ ಚಿತ್ರದಲ್ಲಿ ಹೆಸರೇ ಇಲ್ಲ. ರಕ್ತ ಹೀರುವ ಪಿಶಾಚಿ ಎಂಬ ಅರ್ಥದ ಒಂದು ಪಟ್ಟ ಮಾತ್ರ. ಅವಳ ಬಲೆಗೆ ಬಿದ್ದ ವಕೀಲ ಕೆಲಸ ಕಳೆದುಕೊಳ್ಳುತ್ತಾನೆ, ಮಾನ ಕಳೆದುಕೊಳ್ಳುತ್ತಾನೆ, ಕುಡಿತಕ್ಕೆ ಬಿದ್ದು ಕೊನೆಗೆ ಪ್ರಾಣವನ್ನೂ ಕಳೆದುಕೊಳ್ಳುತ್ತಾನೆ. ಅವಳಿಗೆ ಶಿಕ್ಷೆಯಾಗುವುದಿಲ್ಲ, ಅವನಿಗೆ ಉದ್ಧಾರವಿಲ್ಲ. ಸಂಸಾರವನ್ನು ಒಡೆದವಳು ಗೆದ್ದು ನಿಲ್ಲುವ ಅಂತ್ಯ ಆಗಿನ ನೋಡುಗರನ್ನು ಬೆಚ್ಚಿಬೀಳಿಸಿತು. ಇದರ ಬೀಜ ಇದ್ದದ್ದು 1897ರಲ್ಲಿ ಫಿಲಿಪ್ ಬರ್ನ್-ಜೋನ್ಸ್ ಬರೆದ ಒಂದು ವರ್ಣಚಿತ್ರದಲ್ಲಿ. ಆ ಚಿತ್ರವನ್ನು ನೋಡಿ ಅವನ ಸೋದರಬಂಧು ರಡ್ಯಾರ್ಡ್ ಕಿಪ್ಲಿಂಗ್ ಒಂದು ಪದ್ಯ ಬರೆದ. ಮುಂಬೈಯಲ್ಲಿ ಹುಟ್ಟಿದ, ನಮ್ಮ ಗಿರಿಧಾಮಗಳ ಬಿಳಿಯರ ಬದುಕನ್ನು ಕಥೆಗಳಾಗಿಸಿದ ಅದೇ ಕಿಪ್ಲಿಂಗ್. ಪದ್ಯದಿಂದ ನಾಟಕ ಹುಟ್ಟಿತು, ನಾಟಕದಿಂದ ಸಿನಿಮಾ. ಚಿತ್ರ ತೋರಿಸುವ ಮುನ್ನ ಕಿಪ್ಲಿಂಗನ ಪದ್ಯವನ್ನು ಒಬ್ಬ ನಟನಿಂದ ವೇದಿಕೆಯ ಮೇಲೆ ಓದಿಸುವ ಏರ್ಪಾಡನ್ನೂ ಮಾಡಿದ್ದರು. ದೊಡ್ಡ ಕವಿಯ ಹೆಸರು ಮುಂದಿದ್ದರೆ ಮರ್ಯಾದಸ್ಥರೂ ನಾಚಿಕೆಯಿಲ್ಲದೆ ಟಿಕೆಟ್ಟು ಕೊಳ್ಳುತ್ತಾರೆ ಎಂಬುದು ನಿರ್ಮಾಪಕರಿಗೆ ಗೊತ್ತಿತ್ತು.

ಇಂಥ ಚಿತ್ರಗಳನ್ನೆಲ್ಲ ನಾವು ಹಾಲಿವುಡ್ ಎಂಬ ಒಂದೇ ಹೆಸರಿನಲ್ಲಿ ಕರೆದುಬಿಡುತ್ತೇವೆ. ಆದರೆ ಈ ಚಿತ್ರ ಕ್ಯಾಲಿಫೋರ್ನಿಯಾದಲ್ಲಿ ತಯಾರಾದದ್ದಲ್ಲ. ನ್ಯೂಯಾರ್ಕಿನ ಎದುರು ದಡದ ಫೋರ್ಟ್ ಲೀ ಊರು ಆಗ ಅಮೆರಿಕದ ಸಿನಿಮಾದ ತವರು. ಹೊರಾಂಗಣದ ದೃಶ್ಯಗಳಿಗೆ ಫ್ಲಾರಿಡಾಕ್ಕೆ ಹೋಗಿದ್ದರು. ವಿಲಿಯಂ ಫಾಕ್ಸ್ ಎಂಬ ಚಿತ್ರಮಂದಿರದ ಮಾಲೀಕ ಇದನ್ನು ತೆಗೆದು, ಅದರ ಹಣದ ಬಲದ ಮೇಲೆ ತನ್ನ ಹೆಸರಿನ ದೊಡ್ಡ ಕಂಪನಿಯನ್ನು ನೆಲೆಗೊಳಿಸಿದ. ನಾವು ಇಂದಿಗೂ ಕೇಳುವ ಫಾಕ್ಸ್ ಎಂಬ ಹೆಸರಿನ ಬುನಾದಿಯಲ್ಲಿ ಒಬ್ಬ ದರ್ಜಿಯ ಮಗಳ ಮುಖವಿದೆ.

ಪ್ರಚಾರದ ಕೆಲಸ ನಡೆದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ ಸೆಲಿಗ್, ಜಾನ್ ಗೋಲ್ಡ್‌ಫ್ರಾಪ್ ಎಂಬ ಇಬ್ಬರು ಫಾಕ್ಸ್ ಕಂಪನಿಯ ಪ್ರಚಾರಕರು. ಪತ್ರಿಕೆಗಳಿಗೆ ದಿನವೂ ಸುದ್ದಿ ಬೇಕು. ಸಿನಿಮಾ ಕಂಪನಿಗೆ ದಿನವೂ ಹೆಸರು ಬೇಕು. ಈ ಎರಡು ಹಸಿವುಗಳ ನಡುವೆ ನಿಂತು ಅವರು ಕಥೆ ಹೊಸೆದರು. ಥಿಯೊಡೋಸಿಯಾ ಎಂಬುದನ್ನು ಮೊಟಕು ಮಾಡಿ ಥೀಡಾ, ತಾಯಿಯ ಕಡೆಯ ಮನೆತನದ ಹೆಸರಿನಿಂದ ಬಾರಾ. ಇಷ್ಟು ನಿಜ. ಆದರೆ ಆ ಅಕ್ಷರಗಳನ್ನು ಅದಲುಬದಲು ಮಾಡಿದರೆ ಇಂಗ್ಲಿಷಿನಲ್ಲಿ ಅರಬ್ಬರ ಸಾವು ಎಂಬ ಅರ್ಥದ ಪದಗಳು ಬರುತ್ತವೆಂದು ಅವರು ಪತ್ತೆಹಚ್ಚಿ, ಅದೇ ಆಕೆಯ ಹುಟ್ಟಿನ ಗುಟ್ಟು ಎಂಬಂತೆ ಸಾರಿದರು. ಅಸ್ಥಿಪಂಜರದ ಪಕ್ಕ ಕೂರಿಸಿ, ತಲೆಬುರುಡೆ ಹಿಡಿಸಿ, ಹಾವು-ಕಾಗೆಗಳ ಜೊತೆ ನಿಲ್ಲಿಸಿ ಫೋಟೊ ತೆಗೆಸಿದರು. ಹೊರಗೆ ಬರುವಾಗ ಮುಖಕ್ಕೆ ಮುಸುಕು, ಕಾರಿನ ಕಿಟಕಿಗೆ ಪರದೆ, ಮೂರು ವರ್ಷ ಮದುವೆಯಾಗಕೂಡದು ಎಂಬಂಥ ಕರಾರುಗಳಿದ್ದವೆಂದು ಹೇಳುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಆ ಸುಳ್ಳು ಊರೂರು ಸುತ್ತಿದ ಬಗೆ. ಚಿತ್ರದ ಡಬ್ಬಗಳ ಜೊತೆ ಪ್ರಚಾರದ ಸಾಮಗ್ರಿಯ ಕಟ್ಟೂ ಹೋಗುತ್ತಿತ್ತು. ಅದರಲ್ಲಿ ಬೇರೆಬೇರೆ ಅಳತೆಯ ಪೋಸ್ಟರ್, ಚಿತ್ರಮಂದಿರದ ಮುಂದೆ ಹಾಕಲು ಫೋಟೊಗಳು, ಪತ್ರಿಕೆಗೆ ಕೊಡಲು ಜಾಹೀರಾತಿನ ಅಚ್ಚು, ಸುದ್ದಿಯ ರೂಪದಲ್ಲಿ ಬರೆದಿಟ್ಟ ಲೇಖನಗಳು. ಊರಿನ ಪತ್ರಿಕೆಯ ಸಂಪಾದಕ ಏನನ್ನೂ ಬರೆಯಬೇಕಾಗಿರಲಿಲ್ಲ, ಊರ ಹೆಸರು ಸೇರಿಸಿ ಅಚ್ಚಿಗೆ ಕೊಟ್ಟರಾಯಿತು. ಒಂದು ಕಚೇರಿಯಲ್ಲಿ ಇಬ್ಬರು ಕೂತು ಬರೆದ ಜನ್ಮವೃತ್ತಾಂತ ಹೀಗೆ ಸಾವಿರ ಊರುಗಳಲ್ಲಿ ಸ್ಥಳೀಯ ಸುದ್ದಿಯಾಗಿ ಹೊರಬಂತು. ಓದುಗರಲ್ಲಿ ಅನೇಕರಿಗೆ ಅನುಮಾನವೂ ಇತ್ತು, ಕೆಲವು ಪತ್ರಿಕೆಗಳು ನಿಜವನ್ನು ಬಯಲಿಗೂ ಇಟ್ಟವು. ಆದರೂ ಜನ ನಂಬುವ ಆಟ ಆಡಿದರು. ಗೊತ್ತಿದ್ದೂ ನಂಬಿಸಿಕೊಳ್ಳುವ ಈ ಒಪ್ಪಂದವನ್ನು ಕಂಡುಹಿಡಿದದ್ದೇ ಅಮೆರಿಕದ ಸಿನಿಮಾ ಪ್ರಚಾರದ ನಿಜವಾದ ಸಾಧನೆ. ಇವತ್ತಿನ ಫೋನುಗಳಲ್ಲಿ ಓಡುವ ನಟಿಯರ ಖಾಸಗಿ ಸುದ್ದಿಗಳೂ ಅದೇ ಒಪ್ಪಂದದ ಮೇಲೆ ನಡೆಯುತ್ತಿವೆ.

ಅಮೆರಿಕದ ಇಂಥ ಚಿತ್ರಗಳು ನಮ್ಮ ದೇಶಕ್ಕೂ ಬಂದವು. ಈಗ ನಮ್ಮ ನೀಲಗಿರಿಯ ಕಡೆಗೆ ಬರೋಣ. ಊಟಿ ಆಗ ಮದ್ರಾಸ್ ಪ್ರಾಂತದ ಬೇಸಿಗೆಯ ರಾಜಧಾನಿ. ಮೇಟ್ಟುಪಾಳ್ಯದಿಂದ ಕೂನೂರಿಗೆ ಹಲ್ಲುಹಳಿಯ ರೈಲು 1899ರಲ್ಲಿ ಹತ್ತಿತು, 1908ರಲ್ಲಿ ಊಟಿಯನ್ನು ಮುಟ್ಟಿತು. ವೆಲಿಂಗ್ಟನ್ನಿನಲ್ಲಿ ದಂಡು, ಸುತ್ತಲೂ ಚಹಾ ತೋಟಗಳ ದೊರೆಗಳು, ಬೇಸಿಗೆಯಲ್ಲಿ ಗವರ್ನರರ ಪರಿವಾರವೆಲ್ಲ ಮಲೆಯ ಮೇಲೆ. ಇಂಗ್ಲಿಷ್ ಸಿನಿಮಾಕ್ಕೆ ಇದಕ್ಕಿಂತ ಒಳ್ಳೆಯ ಗಿರಾಕಿಗಳು ಎಲ್ಲಿ ಸಿಗುತ್ತಾರೆ? ಊಟಿಯ ಅಸೆಂಬ್ಲಿ ರೂಮ್ಸ್ ಅಂಥ ಮಂದಿಯ ನಾಟಕ, ನೃತ್ಯ, ಸಂಗೀತದ ಜಾಗ. 1919ರಿಂದ 1924ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ವಿಲಿಂಗ್ಡನ್ನರ ಪತ್ನಿ ಆ ಕಟ್ಟಡವನ್ನು ಸಾರ್ವಜನಿಕರಿಗೆಂದು ಕೊಡಿಸಿದರು. ಅದು ಚಿತ್ರಮಂದಿರವಾಗಿ ಬೆಳೆದು, ಇಂಗ್ಲಿಷ್ ಚಿತ್ರಗಳಿಗೆ ಹೆಸರಾಗಿ, ತಲೆಮಾರುಗಳ ನೆನಪಿನಲ್ಲಿ ಉಳಿದಿದೆ. ಬೆಟ್ಟದ ಬುಡದ ಕೊಯಮತ್ತೂರಿನವರಾದ, ರೈಲ್ವೆ ನೌಕರರಾಗಿದ್ದ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚನೊಬ್ಬನಿಂದ ಪ್ರೊಜೆಕ್ಟರ್ ಕೊಂಡು ಊರೂರು ಡೇರೆ ಹಾಕಿ ಚಿತ್ರ ತೋರಿಸಿದ್ದರು. 1914ರಲ್ಲಿ ಕೊಯಮತ್ತೂರಿನಲ್ಲೇ ವೆರೈಟಿ ಹಾಲ್ ಕಟ್ಟಿದರು. ಅಮೆರಿಕದ ಯೂನಿವರ್ಸಲ್ ಕಂಪನಿ 1916ರಲ್ಲಿ ಭಾರತದಲ್ಲಿ ತನ್ನ ಏಜೆನ್ಸಿ ತೆರೆಯಿತು. ಕಲ್ಕತ್ತೆಯ ಮದನ್ ಕಂಪನಿ ದೇಶದುದ್ದಕ್ಕೂ ಚಿತ್ರಮಂದಿರಗಳ ಜಾಲ ಹಬ್ಬಿಸಿ ವಿದೇಶಿ ಚಿತ್ರಗಳನ್ನು ಹಂಚುತ್ತಿತ್ತು. ಪರ್ಲ್ ವೈಟ್ ಎಂಬ ಸಾಹಸದ ನಾಯಕಿಯ ಸರಣಿ ಚಿತ್ರಗಳನ್ನು ನಮ್ಮ ಜನ ವಾರವಾರವೂ ಕಾದು ನೋಡಿದರು.

ಇಲ್ಲಿಗೆ ಬರುವ ಹೊತ್ತಿಗೆ ಪ್ರಚಾರದ ರೂಪ ಬದಲಾಗುತ್ತಿತ್ತು. ಪತ್ರಿಕೆ ಓದುವವರು ಕೆಲವರೇ. ಉಳಿದವರಿಗೆ ಜಟಕಾ ಬಂಡಿಯ ಎರಡೂ ಬದಿಗೆ ಕಟ್ಟಿದ ಬಣ್ಣದ ಬೋರ್ಡು, ಮುಂದೆ ಬ್ಯಾಂಡು ಇಲ್ಲವೇ ತಮಟೆ, ಹಿಂದಿನಿಂದ ಗಾಳಿಗೆ ತೂರುವ ನೋಟೀಸು. ಆ ನೋಟೀಸಿಗಾಗಿ ಬಂಡಿಯ ಹಿಂದೆ ಓಡದ ಹುಡುಗರು ದಕ್ಷಿಣದ ಯಾವ ಊರಿನಲ್ಲೂ ಇರಲಿಲ್ಲ. ಡೇರೆಯ ಒಳಗೆ ಪರದೆಯ ಪಕ್ಕ ನಿಂತು ಕಥೆ ಹೇಳುವವನೊಬ್ಬನಿರುತ್ತಿದ್ದ. ಇಂಗ್ಲಿಷ್ ಬರಹ ಓದಲಾರದವರಿಗೆ ಅವನ ಬಾಯಿಯೇ ಸಿನಿಮಾ. ಅಮೆರಿಕದ ಸುಳ್ಳು ಅವನ ಬಾಯಲ್ಲಿ ಮತ್ತೊಂದು ಹುಟ್ಟು ಪಡೆಯುತ್ತಿತ್ತು. ನಮ್ಮವರೂ ಪ್ರಚಾರದಲ್ಲಿ ಹಿಂದುಳಿದವರಲ್ಲ. 1913ರಲ್ಲಿ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ವನ್ನು ಸೂರತ್ತಿಗೆ ಒಯ್ದಾಗ, ಮೂರಾಣೆಗೆ 57,000 ಫೋಟೊಗಳು, ಎರಡು ಮೈಲಿ ಉದ್ದದ ಚಿತ್ರ ಎಂದು ಜಾಹೀರಾತು ಕೊಟ್ಟಿದ್ದರು. ರಾತ್ರಿಯಿಡೀ ನಡೆಯುವ ನಾಟಕಕ್ಕೆ ಒಗ್ಗಿದ ಜನ, ಇಷ್ಟು ಚಿಕ್ಕ ಆಟಕ್ಕೆ ದುಡ್ಡು ಯಾಕೆ ಎಂದು ಕೇಳಿದ್ದಕ್ಕೆ ಅದು ಉತ್ತರ. ಮೈಲಿಯ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದ್ದರೂ ಅದು ನನಗೆ ಅತ್ಯಂತ ಪ್ರಿಯವಾದ ಸಿನಿಮಾ ಜಾಹೀರಾತು.

ಅಮೆರಿಕದ ಈ ರೋಚಕ ಚಿತ್ರಗಳು ಮಲೆಯ ಮೇಲಿನ ದೊರೆಗಳನ್ನು ರಂಜಿಸಿದವು, ಅದರ ಜೊತೆಗೇ ಹೆದರಿಸಿದವು. ಗಂಡಸರನ್ನು ಕೆಡಿಸುವ ಬಿಳಿಯ ಹೆಂಗಸನ್ನು ಪರದೆಯ ಮೇಲೆ ನೋಡಿದ ಭಾರತೀಯರು ತಮ್ಮ ಹೆಂಗಸರ ಬಗ್ಗೆ ಏನು ತಿಳಿದಾರು ಎಂಬುದು ಅವರ ಭಯ. ತಮ್ಮ ಆಳ್ವಿಕೆಯೇ ಗೌರವದ ಮೇಲೆ ನಿಂತಿದೆ ಎಂದು ನಂಬಿದವರಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. 1918ರ ಸಿನಿಮಾಟೊಗ್ರಾಫ್ ಕಾಯ್ದೆಯಡಿ 1920ರಲ್ಲಿ ಮುಂಬೈ, ಕಲ್ಕತ್ತೆ, ಮದ್ರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಬಂದವು. ಅದು ಸಾಲದೆಂದು 1927ರಲ್ಲಿ ಸರ್ಕಾರ ಒಂದು ಸಮಿತಿಯನ್ನೇ ನೇಮಿಸಿತು. ಅದರ ಅಧ್ಯಕ್ಷರು ಮದ್ರಾಸಿನ ವಕೀಲ ಟಿ. ರಂಗಾಚಾರಿಯರ್. ಸಮಿತಿ ದೇಶ ಸುತ್ತಿ ಮುನ್ನೂರೈವತ್ತಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆದು 1928ರಲ್ಲಿ ವರದಿ ಕೊಟ್ಟಿತು. ಭಾರತದಲ್ಲಿ ತೋರಿಸುವ ಚಿತ್ರಗಳಲ್ಲಿ ಶೇಕಡ 80ರಷ್ಟು ಅಮೆರಿಕದವು ಎಂಬ ಲೆಕ್ಕ ಹೊರಬಂದದ್ದು ಆಗಲೇ. ಅಮೆರಿಕದ ಚಿತ್ರಗಳನ್ನು ತಡೆದು ಬ್ರಿಟಿಷ್ ಸಾಮ್ರಾಜ್ಯದ ಚಿತ್ರಗಳಿಗೆ ಜಾಗ ಕೊಡಿಸಬೇಕೆಂಬ ಸರ್ಕಾರದ ಇಂಗಿತವನ್ನು ರಂಗಾಚಾರಿಯರ್ ಸಮಿತಿ ಒಪ್ಪಲಿಲ್ಲ. ಬೆಳೆಸುವುದಾದರೆ ಭಾರತೀಯರ ಸಿನಿಮಾವನ್ನು ಬೆಳೆಸಿ ಎಂದಿತು. ಆ ವರದಿ ಮೂಲೆಗೆ ಬಿತ್ತು. ಇಂಥ ದಿಟ್ಟ ವರದಿ ಸರ್ಕಾರದ ಸಮಿತಿಯಿಂದ ಆ ಕಾಲದಲ್ಲಿ ಬಂದದ್ದೇ ದೊಡ್ಡದು.

ದೊರೆಗಳಿಗೆ ಬಿಳಿಯ ಹೆಂಗಸಿನ ಮಾನದ ಚಿಂತೆಯಿದ್ದರೆ ನಮ್ಮವರಿಗೆ ನಮ್ಮ ಹೆಂಗಸರ ಮಾನದ ಚಿಂತೆ. ಫಾಲ್ಕೆ ತಮ್ಮ ಮೊದಲ ಚಿತ್ರದ ತಾರಾಮತಿಗಾಗಿ ಹುಡುಕಾಡಿ, ದೇಹ ಮಾರುವ ಬೀದಿಯ ಹೆಂಗಸರೂ ಒಲ್ಲೆವೆಂದ ಮೇಲೆ ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. ಅದೇ 1913ರ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಪಾರ್ವತಿಯಾಗಿ, ಅವರ ಎಳೆಯ ಮಗಳು ಕಮಲಾಬಾಯಿ ಮೋಹಿನಿಯಾಗಿ ಬಂದರು. ಅಮೆರಿಕದವರು ಥೀಡಾ ಬಾರಾಗೆ ಮರಳುಗಾಡಿನ ಹುಟ್ಟು ಹುಡುಕುವ ಎರಡು ವರ್ಷ ಮುಂಚೆಯೇ ನಮ್ಮ ಬೆಳ್ಳಿತೆರೆಯ ಮೊದಲ ನಾಯಕಿ ಗಂಡಸನ್ನು ಕುಣಿಸಿ ಬೂದಿ ಮಾಡುವ ಮೋಹಿನಿಯೇ ಆಗಿದ್ದಳು ಎಂಬುದನ್ನು ಗಮನಿಸಬೇಕು. ಆದರೆ ನಮ್ಮ ಮೋಹಿನಿ ವಿಷ್ಣುವಿನ ರೂಪ. ಕೊಂದರೂ ಲೋಕದ ಹಿತಕ್ಕಾಗಿ ಕೊಂದವಳು. ಪುರಾಣದ ಹೊದಿಕೆ ಇದ್ದುದರಿಂದ ಅವಳಿಗೆ ಸುಳ್ಳು ಜನ್ಮವೃತ್ತಾಂತ ಬೇಕಾಗಲಿಲ್ಲ.

ಸಾಮಾಜಿಕ ಚಿತ್ರಗಳು ಬಂದಾಗ ಕಥೆ ಬೇರೆಯಾಯಿತು. ಇಲ್ಲಿ ಮೋಹನ್ ಭಾವನಾನಿ ಎಂಬ ಒಬ್ಬ ನಿರ್ದೇಶಕನನ್ನು ಹಿಂಬಾಲಿಸಿದರೆ ಇಡೀ ವಿಷಯ ಕಣ್ಣಿಗೆ ಕಟ್ಟುತ್ತದೆ. ಪುಣೆಯ ಯಹೂದಿ ಮನೆಯ ರೂಬಿ ಮೈಯರ್ಸ್ ಟೆಲಿಫೋನ್ ಆಪರೇಟರ್ ಆಗಿದ್ದವರು. ಅವರನ್ನು ಸಿನಿಮಾಕ್ಕೆ ಕರೆತಂದದ್ದು ಭಾವನಾನಿ. ಹೆಸರು ಸುಲೋಚನಾ ಎಂದಾಯಿತು. 1926ರಲ್ಲಿ ‘ಟೈಪಿಸ್ಟ್ ಗರ್ಲ್’, 1927ರಲ್ಲಿ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’. ಎರಡನೆಯದರಲ್ಲಿ ಆಕೆ ಎಂಟು ವೇಷ ತೊಟ್ಟರು. ಮುಂಬೈ ಗವರ್ನರರಿಗಿಂತ ಹೆಚ್ಚು ಸಂಬಳ ಎಂಬ ಮಾತು ಆಕೆಯ ಪ್ರಚಾರದ ಭಾಗವೇ ಆಗಿ ಇಂದಿಗೂ ಓಡಾಡುತ್ತಿದೆ. ಅಮೆರಿಕದಲ್ಲಿ ಯಹೂದಿ ದರ್ಜಿಯ ಮಗಳ ಹೆಸರು ಅಳಿಸಿ ಮರಳುಗಾಡಿನ ಹೆಸರು ಅಂಟಿಸಿದರು. ಇಲ್ಲಿ ಯಹೂದಿ ಹುಡುಗಿಯ ಹೆಸರು ಅಳಿಸಿ ಪುರಾಣದ ಪತಿವ್ರತೆಯ ಹೆಸರು ಕೊಟ್ಟರು. ಎರಡೂ ಕಡೆ ಮಾರಾಟಕ್ಕೆ ಬೇಡವಾದದ್ದು ಆಕೆಯ ಸ್ವಂತ ಮನೆ, ಸ್ವಂತ ಜನ.

ಅದೇ ಭಾವನಾನಿ 1931ರಲ್ಲಿ ಶೂದ್ರಕನ ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂಬ ಮೂಕಿ ಚಿತ್ರವಾಗಿ ತೆಗೆದರು. ಕನ್ನಡ ನಾಡಿನ ಸಿನಿಮಾ ಚರಿತ್ರೆಯಲ್ಲಿ ಅದಕ್ಕೆ ಮೊದಲ ಸಾಲಿನ ಜಾಗ. ಕಥೆಯ ನಾಯಕಿ ಗಣಿಕೆ. ರೋಚಕ ಪ್ರಚಾರಕ್ಕೆ ಇದಕ್ಕಿಂತ ಸುಲಭದ ವಸ್ತು ಸಿಗಲಾರದು. ಆದರೆ ಪಾತ್ರಕ್ಕೆ ಆರಿಸಿದ್ದು ಓದಿದ ಮನೆತನದ, ‘ಶಿರಾಜ್’ ಚಿತ್ರದಲ್ಲಿ ಹೆಸರು ಮಾಡಿದ್ದ ಏಣಾಕ್ಷಿ ರಾಮರಾವ್ ಅವರನ್ನು. ಜೊತೆಗೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಹಿಂದಿನ ವರ್ಷವಷ್ಟೇ ಉಪ್ಪಿನ ಸತ್ಯಾಗ್ರಹದಲ್ಲಿ ದೇಶದ ಕಣ್ಣಿಗೆ ಬಿದ್ದಿದ್ದವರು. ನಮ್ಮ ನಾಟಕಕಾರ ಟಿ.ಪಿ. ಕೈಲಾಸಂ ಕೂಡ ಬಣ್ಣ ಹಚ್ಚಿದರು. ಮರ್ಯಾದಸ್ಥ ಮನೆಯ ವಿದ್ಯಾವಂತೆಯರು ನಟಿಸಿದ್ದಾರೆ ಎಂಬುದೇ ಇಂಥ ಚಿತ್ರದ ದೊಡ್ಡ ಆಕರ್ಷಣೆ. ಅಮೆರಿಕದ ಪ್ರಚಾರ ಮನೆಯ ಹುಡುಗಿಯನ್ನು ಬೀದಿಯ ಪಿಶಾಚಿಯಾಗಿ ತೋರಿಸಿತು. ನಮ್ಮ ಪ್ರಚಾರ ಗಣಿಕೆಯ ಪಾತ್ರವನ್ನು ಮನೆಯ ಹೆಣ್ಣಿನ ಹೆಸರಿನಿಂದ ತೊಳೆಯಿತು. ನಮ್ಮ ದಾರಿಯನ್ನು ನಾನು ಹೆಚ್ಚು ಗೌರವಿಸುತ್ತೇನೆ, ಏಕೆಂದರೆ ಅದರಿಂದ ಓದಿದ ಹೆಣ್ಣುಮಕ್ಕಳು ತೆರೆಗೆ ಬರಲು ಬಾಗಿಲು ತೆರೆಯಿತು. ಆದರೆ ಅದರ ಬೆಲೆಯನ್ನು ತೆತ್ತವರೂ ಇದ್ದಾರೆ. ಮನೆತನದ ಹೆಸರಿಲ್ಲದ, ನಾಟಕದ ಕಂಪನಿಗಳಿಂದ ಬಂದ ನಟಿಯರ ಬದುಕನ್ನು ಬರೆದಿಡುವುದು ಮುಖ್ಯವೆಂದು ಯಾರಿಗೂ ತೋರಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ವನ್ನೇ ನೋಡಿ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಸೌತ್ ಇಂಡಿಯಾ ಮೂವಿಟೋನಿನ ಚಮನ್‌ಲಾಲ್ ಡುಂಗಾಜಿ ಹಣ ಹಾಕಿದರು, ವೈ.ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದರು, ಕೊಲ್ಹಾಪುರದಲ್ಲಿ ಚಿತ್ರೀಕರಣವಾಯಿತು. ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯನಾಯ್ಡು. ಇವರ ಬಗ್ಗೆ ಪುಸ್ತಕಗಳಿವೆ, ಮಕ್ಕಳು ಮೊಮ್ಮಕ್ಕಳು ಹೇಳಿದ ನೆನಪುಗಳಿವೆ. ಸುಲೋಚನೆಯಾದವರು ತ್ರಿಪುರಾಂಬ. ಚಿತ್ರದ ಹೆಸರೇ ಆಕೆಯ ಪಾತ್ರದ ಹೆಸರು. ಆದರೂ ಆಕೆಯ ಬಗ್ಗೆ ಉಳಿದದ್ದು ಪಾತ್ರಪಟ್ಟಿಯ ಒಂದು ಸಾಲಿಗಿಂತ ಹೆಚ್ಚಿಲ್ಲ. ಥೀಡಾ ಬಾರಾಗೆ ಇಲ್ಲದ ಬದುಕೊಂದನ್ನು ಕಟ್ಟಿಕೊಟ್ಟರು. ತ್ರಿಪುರಾಂಬ ಅವರಿಗೆ ಇದ್ದ ಬದುಕನ್ನೂ ಯಾರೂ ಬರೆದಿಡಲಿಲ್ಲ.

ಮರು ವರ್ಷ, 1935ರಲ್ಲಿ, ಮುಂಬೈಯಲ್ಲಿ ವಾಡಿಯಾ ಸೋದರರು ‘ಹಂಟರ್‌ವಾಲಿ’ ತೆಗೆದರು. ನಾಯಕಿ ನಾಡಿಯಾ, ಹುಟ್ಟುಹೆಸರು ಮೇರಿ ಇವಾನ್ಸ್, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿ ಸೈನಿಕನ ಮಗಳಾಗಿ ಭಾರತಕ್ಕೆ ಬಂದವರು, ಸರ್ಕಸ್ಸಿನಲ್ಲಿ ದುಡಿದವರು. ಹೊಂಬಣ್ಣದ ಕೂದಲು, ನೀಲಿ ಕಣ್ಣು, ಕೈಯಲ್ಲಿ ಚಾವಟಿ. ಹಂಚಿಕೆದಾರರು ಹಿಂಜರಿದರು, ನಿರ್ಮಾಪಕರೇ ಬಿಡುಗಡೆ ಮಾಡಿದರು, ಜನ ಮುಗಿಬಿದ್ದರು. ಭಯವಿಲ್ಲದವಳು ಎಂಬ ಬಿರುದೇ ಆಕೆಯ ಪ್ರಚಾರ. ಬಿಳಿಯ ಹೆಂಗಸನ್ನು ತೆರೆಯ ಮೇಲೆ ನೋಡಿ ಭಾರತೀಯರು ಕೆಟ್ಟಾರು ಎಂದು ಏಳೆಂಟು ವರ್ಷ ಹಿಂದೆ ಸಮಿತಿ ಕೂತಿತ್ತಲ್ಲ, ಈಗ ಬಿಳಿಯ ಹೆಂಗಸೊಬ್ಬಳು ಬಡವರ ಪರ ನಿಂತು ದುಷ್ಟರನ್ನು ಬಡಿಯುತ್ತಿದ್ದಾಗ ಗಾಂಧಿ ಕ್ಲಾಸಿನ ಜನ ಎದ್ದು ನಿಂತು ಸಿಳ್ಳೆ ಹೊಡೆದರು. ನಾಡಿಯಾ ತಮ್ಮ ಸಾಹಸಗಳನ್ನು ತಾವೇ ಮಾಡುತ್ತಿದ್ದರು. ಬಿರುದಿಗೂ ಬದುಕಿಗೂ ನಡುವೆ ಅಂತರವಿಲ್ಲದ ಇಂಥ ಪ್ರಚಾರ ಅಪರೂಪ. ಆಕೆ ಸುಖವಾಗಿ ಬಾಳಿದ್ದರಲ್ಲಿ ಅದರ ಪಾಲೂ ಇದೆ ಎಂದು ನನ್ನ ನಂಬಿಕೆ.

ಥೀಡಾ ಬಾರಾಗೆ ಆ ಭಾಗ್ಯವಿರಲಿಲ್ಲ. ವಾರಕ್ಕೆ 150 ಡಾಲರಿನಿಂದ ಶುರುವಾದ ಸಂಬಳ 4,000 ಡಾಲರಿಗೆ ಏರಿತು. 1917ರಲ್ಲಿ ಆಕೆಯ ಇಡೀ ಕುಟುಂಬ ಕಾನೂನಿನ ಪ್ರಕಾರ ಬಾರಾ ಎಂದು ಹೆಸರು ಬದಲಿಸಿಕೊಂಡಿತು. ಪ್ರಚಾರಕರ ಸುಳ್ಳು ಸರ್ಕಾರಿ ದಾಖಲೆಯಲ್ಲಿ ನಿಜವಾಯಿತು. ಅದೇ ವರ್ಷ ‘ಕ್ಲಿಯೋಪಾತ್ರ’. ಜೂಲಿಯೆಟ್ಟಳಂಥ ಬೇರೆ ಬಗೆಯ ಪಾತ್ರಗಳಿಗೆ ಆಕೆ ಹಂಬಲಿಸಿದರು, ಕೆಲವನ್ನು ಮಾಡಿಯೂ ತೋರಿಸಿದರು. 1919ರಲ್ಲಿ ‘ಕ್ಯಾಥ್ಲೀನ್ ಮವೂರ್ನೀನ್’ ಚಿತ್ರದಲ್ಲಿ ಮುಗ್ಧ ಐರಿಷ್ ಹುಡುಗಿಯಾದಾಗ ಐರಿಷ್ ಮೂಲದ ಜನ ಪ್ರತಿಭಟಿಸಿ ಗಲಾಟೆ ಎಬ್ಬಿಸಿದರು. ಪಿಶಾಚಿ ಎಂದು ಹೆಸರಾದವಳು ತಮ್ಮ ಹುಡುಗಿಯಾಗಬಾರದು! ಅದೇ ವರ್ಷ ಫಾಕ್ಸ್ ಕಂಪನಿಯ ಜೊತೆಗಿನ ಕರಾರು ಮುಗಿಯಿತು. 1921ರಲ್ಲಿ ನಿರ್ದೇಶಕ ಚಾರ್ಲ್ಸ್ ಬ್ರಾಬಿನ್ ಅವರನ್ನು ಮದುವೆಯಾದರು. 1926ರಲ್ಲಿ ಹ್ಯಾಲ್ ರೋಚ್ ಕಂಪನಿಯ ಚಿಕ್ಕ ನಗೆಚಿತ್ರವೊಂದರಲ್ಲಿ ತಮ್ಮದೇ ಹಳೆಯ ಬಿಂಬವನ್ನು ಅಣಕಿಸಿ ನಟಿಸಿದರು, ಅಲ್ಲಿಗೆ ಸಿನಿಮಾ ಮುಗಿಯಿತು. 1955ರಲ್ಲಿ ತೀರಿಕೊಂಡರು. ಒಂದು ಹೆಣ್ಣನ್ನು ಎತ್ತಿ ನಿಲ್ಲಿಸಿದ ಸುಳ್ಳೇ ಆಕೆಯನ್ನು ಬೇರೆ ಕಡೆಗೆ ಹೆಜ್ಜೆ ಇಡದಂತೆ ಕಟ್ಟಿಹಾಕಿತು. ಲಾಭ ಕಂಪನಿಯದು, ಸೆರೆ ಆಕೆಯದು. ಈ ವಿಷಯದಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಸುಳ್ಳಿನ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಆ ಕಾಲದ ಫಿಲ್ಮು ನೈಟ್ರೇಟ್ ಎಂಬ ರಾಸಾಯನಿಕದಿಂದ ಮಾಡಿದ್ದು. ಅದಕ್ಕೆ ಬೆಂಕಿ ಹತ್ತಿದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ, ನೀರು ಸುರಿದರೂ ಆರುವುದಿಲ್ಲ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್ ಕಂಪನಿಯ ಉಗ್ರಾಣ ಹೊತ್ತಿ ಉರಿದಾಗ ಆಕೆಯ ಬಹುಪಾಲು ಚಿತ್ರಗಳು ಸುಟ್ಟುಹೋದವು. ‘ಕ್ಲಿಯೋಪಾತ್ರ’ದಲ್ಲಿ ಉಳಿದದ್ದು ಕೆಲವೇ ತುಣುಕು. ನಲವತ್ತರಷ್ಟು ಚಿತ್ರಗಳಲ್ಲಿ ಇಂದು ನೋಡಲು ಸಿಗುವುದು ಬೆರಳೆಣಿಕೆಯಷ್ಟು. ‘ಎ ಫೂಲ್ ದೇರ್ ವಾಸ್’ ಉಳಿದುಕೊಂಡಿದೆ, 2015ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿತು. ಆದರೆ ಅಸ್ಥಿಪಂಜರದ ಪಕ್ಕದ ಆ ಫೋಟೊಗಳು, ಪೋಸ್ಟರುಗಳು, ಪತ್ರಿಕೆಗಳಿಗೆ ಕೊಟ್ಟ ಕಟ್ಟುಕಥೆಗಳು ನೂರಾರು ಸಂಖ್ಯೆಯಲ್ಲಿ ಉಳಿದಿವೆ. ನಟಿ ಮಾಡಿದ ಕೆಲಸ ಬೂದಿಯಾಗಿ, ಆಕೆಯ ಬಗ್ಗೆ ಬೇರೆಯವರು ಹೇಳಿದ ಸುಳ್ಳು ಜೋಪಾನವಾಗಿ ಉಳಿಯಿತು.

ನಮ್ಮಲ್ಲಿ ಎರಡೂ ಉಳಿಯಲಿಲ್ಲ. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಪೂರ್ತಿಯಾಗಿಯೋ ತುಂಡಾಗಿಯೋ ಸಿಕ್ಕಿರುವುದು ಮೂವತ್ತರ ಆಸುಪಾಸು. ಫಿಲ್ಮಿನಲ್ಲಿದ್ದ ಬೆಳ್ಳಿಯ ಆಸೆಗೆ ರೀಲುಗಳನ್ನು ಕರಗಿಸಿದವರೂ ಉಂಟು. ‘ಸತಿ ಸುಲೋಚನಾ’ದ ಪ್ರಿಂಟು ಇಲ್ಲ. ಇಂಥ ಕಡೆ ಒಂದು ಹಳೆಯ ನೋಟೀಸು ಸಿಕ್ಕರೂ ಅದು ದೊಡ್ಡ ದಾಖಲೆ. ಅದರಲ್ಲಿ ನಟಿಯ ಹೆಸರಿರುತ್ತದೆ, ಟಿಕೆಟ್ಟಿನ ದರ ಇರುತ್ತದೆ, ಹೆಂಗಸರಿಗೆ ಬೇರೆ ಆಸನದ ಏರ್ಪಾಡು ಇತ್ತೇ ಎಂಬುದಿರುತ್ತದೆ, ಊರ ಮುದ್ರಣಾಲಯದ ಹೆಸರಿರುತ್ತದೆ. ಪ್ರಚಾರ ಸುಳ್ಳು ಹೇಳಿದ್ದರೂ, ಯಾವ ಊರಿನ ಜನಕ್ಕೆ ಯಾವ ವರ್ಷ ಯಾವ ಸುಳ್ಳು ಹಿಡಿಸಿತು ಎಂಬುದು ಆ ಕಾಗದದಲ್ಲಿ ನಿಜವಾಗಿಯೇ ಇರುತ್ತದೆ. ನೀಲಗಿರಿಯ ಬಡಗರ ಭಾಷೆಯಲ್ಲೂ ಸಿನಿಮಾಗಳು ಬಂದಿವೆ. ಕನ್ನಡದ ಬಳಗದ್ದೇ ಆದ ಆ ನುಡಿಯ ಚಿತ್ರಗಳ ನೋಟೀಸು, ಫೋಟೊಗಳಾದರೂ ನಮ್ಮ ಕಣ್ಣೆದುರಿಗೇ ಕಳೆದುಹೋಗಬಾರದು.

ಆದ್ದರಿಂದ ಊಟಿ, ಕೂನೂರು, ಕೋಟಗಿರಿ, ಗೂಡಲೂರು, ಮಸಿನಗುಡಿಯ ಮನೆಗಳವರಲ್ಲಿ ನನ್ನದೊಂದು ಕೋರಿಕೆ. ಟ್ರಂಕಿನ ತಳದಲ್ಲಿ, ಅಜ್ಜನ ಲೆಕ್ಕದ ಪುಸ್ತಕದ ನಡುವೆ, ಅಟ್ಟದ ಮೇಲಿನ ಗಂಟಿನಲ್ಲಿ ಹಳೆಯ ಸಿನಿಮಾ ನೋಟೀಸು, ಟಿಕೆಟ್ಟು, ಹಾಡಿನ ಪುಸ್ತಕ, ಚಿತ್ರಮಂದಿರದ ಫೋಟೊ ಇದ್ದರೆ ಎಸೆಯಬೇಡಿ. ನಮ್ಮ ಮಲೆಯ ತೇವ ಕಾಗದದ ದೊಡ್ಡ ಶತ್ರು, ಮಳೆಗಾಲಕ್ಕೆ ಮುಂಚೆ ತೆಗೆದು ಒಣ ಜಾಗಕ್ಕೆ ಸಾಗಿಸಿ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಎರಡೂ ಕಾಗದವನ್ನು ತಿನ್ನುತ್ತವೆ. ಎರಡೂ ಬದಿಯ ಫೋಟೊ ತೆಗೆದಿಡಿ. ಯಾರಿಗೆ, ಯಾವ ಊರಿನಲ್ಲಿ, ಸುಮಾರು ಯಾವ ವರ್ಷ ಸಿಕ್ಕಿದ್ದು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಮನೆಯ ಹಿರಿಯರು ಬದುಕಿದ್ದರೆ ಆಗ ನೋಡಿದ ಚಿತ್ರ, ಮೆಚ್ಚಿದ ನಟಿ ಯಾರೆಂದು ಕೇಳಿ ಅದನ್ನೂ ಬರೆಯಿರಿ. ಮನೆಯಲ್ಲಿಟ್ಟುಕೊಳ್ಳಲು ಆಗದಿದ್ದರೆ, 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿದೆ. ಅದು ಫಿಲ್ಮಿನ ಜೊತೆಗೆ ಪೋಸ್ಟರ್, ಹಾಡಿನ ಪುಸ್ತಕ, ಸ್ಥಿರಚಿತ್ರಗಳನ್ನೂ ಕಾಪಾಡುತ್ತದೆ.